ಗ್ರಂಥಪಾಲನ ವಿದ್ಯೆಯ ಹಾದಿ

ಗ್ರಂಥಭಂಡಾರವೆಂಬ ಮಾತಿನಲ್ಲಿಯೇ ಒಂದು ಹಳೆಯ ಮನೋಧರ್ಮ ಅಡಗಿದೆ. ಭಂಡಾರವೆಂದರೆ ಬೀಗ, ಬೀಗವೆಂದರೆ ಕಾವಲು. ಗೆದ್ದಲಿನಿಂದಲೂ ಬೆಂಕಿಯಿಂದಲೂ ಓಲೆಗರಿಗಳನ್ನು ಉಳಿಸಿಕೊಟ್ಟ ಕಾವಲುಗಾರರಿಗೆ ನಾವು ಋಣಿಗಳು. ಆದರೂ ಗ್ರಂಥವನ್ನು ಕಾಯುವುದು ಬೇರೆ, ಅರಿಯುವುದು ಬೇರೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ತಮ್ಮ ಕೈಸೇರಿದ ಓಲೆಕಟ್ಟೊಂದನ್ನು ಬಿಚ್ಚಿ ಓದಿದ್ದರಿಂದ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಗಿ ಲೋಕದ ಕಣ್ಣಿಗೆ ಬಿದ್ದಿತು.

ಅಂಥ ವಿದ್ವತ್ತು ವ್ಯಕ್ತಿಯ ಭಾಗ್ಯ. ಗ್ರಂಥಪಾಲನವನ್ನು ಎಲ್ಲರೂ ಕಲಿಯಬಹುದಾದ ಶಾಸ್ತ್ರವಾಗಿಸುವ ಕೆಲಸ ಬೇರೆಯಾಗಿಯೇ ನಡೆಯಬೇಕಾಗಿತ್ತು. ಬರೋಡೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದ ಬಾರ್ಡನ್ ಎಂಬುವರನ್ನು ಕರೆಸಿ 1911ರಲ್ಲಿ ತರಬೇತಿ ತರಗತಿಯನ್ನು ತೆರೆಯಿಸಿದರು. ಆದರೆ ಭಾರತದಲ್ಲಿ ಈ ಶಾಸ್ತ್ರಕ್ಕೆ ಸ್ವಂತ ತಳಹದಿ ಹಾಕಿದವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಲಂಡನ್ನಿಗೆ ಹೋಗಿ ಕಲಿತು ಬಂದರು. 1931ರಲ್ಲಿ ಗ್ರಂಥಾಲಯದ ಪಂಚಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದರು.

ಈ ವರ್ಗೀಕರಣದ ಮರ್ಮವನ್ನು ನಮ್ಮ ಸೀಮೆಯ ಉದಾಹರಣೆಯಿಂದಲೇ ತಿಳಿಯಬಹುದು. ಪಾವಗಡದ ಕಡಲೆಕಾಯಿ ಬೆಳೆಯ ರೋಗದ ಚಿಕಿತ್ಸೆಯನ್ನು ಕುರಿತ ಪುಸ್ತಕವೊಂದಿದೆ ಎನ್ನಿ. ಬೆಳೆ, ರೋಗ, ಚಿಕಿತ್ಸೆ, ಊರು, ಕಾಲ ಇವು ಅದರ ಬೇರೆ ಬೇರೆ ಮುಖಗಳು. ಒಂದೊಂದು ಮುಖಕ್ಕೂ ಒಂದೊಂದು ಸಂಕೇತವನ್ನಿತ್ತು ಅವನ್ನು ಜೋಡಿಸಿದರೆ ಪುಸ್ತಕಕ್ಕೆ ಕಪಾಟಿನಲ್ಲಿ ನಿಶ್ಚಿತವಾದ ಸ್ಥಾನ ದೊರೆಯುತ್ತದೆ. ಹುಡುಕಿ ಬಂದವನಿಗೆ ಅದರ ನೆರೆಯಲ್ಲೇ ಅದರ ಬಂಧುಗಳೂ ಸಿಗುತ್ತವೆ. ಓದುಗನ ಪ್ರಶ್ನೆಯನ್ನು ಬಿಡಿಸಿ ನೋಡುವ ಈ ಕ್ರಮವೇ ಗ್ರಂಥಪಾಲನ ವಿದ್ಯೆಯ ಜೀವಾಳ.

ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದುದು ಕನ್ನಡ ನಾಡಿನ ಸುದೈವ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅವರು ಇಲ್ಲಿ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಪದವಿ ಪಡೆದವರಿಗೆ ಉನ್ನತ ಶಿಕ್ಷಣವನ್ನೀಯುವ ಈ ಕೇಂದ್ರದ ಗಮನ ವಿಜ್ಞಾನ ಮತ್ತು ಉದ್ಯಮಗಳ ಮಾಹಿತಿಯ ಕಡೆಗಿತ್ತು. ಅದೇ ದಶಕದಲ್ಲಿ ಧಾರವಾಡ, ಮೈಸೂರು ವಿಶ್ವವಿದ್ಯಾಲಯಗಳು ಡಿಪ್ಲೊಮಾ ತರಗತಿಗಳನ್ನು ತೆರೆದವು. 1970ರ ದಶಕದಲ್ಲಿ ಸ್ನಾತಕೋತ್ತರ ಪದವಿಯೂ ಬಂದಿತು. 1965ರ ಸಾರ್ವಜನಿಕ ಗ್ರಂಥಾಲಯ ಶಾಸನ ಊರೂರಿಗೆ ಗ್ರಂಥಾಲಯದ ಆಸೆಯನ್ನು ತಂದಿತು. ರಂಗನಾಥನ್ 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಹೀಗೆ ವಿದ್ಯೆಯೂ ಬೆಳೆಯಿತು, ಶಾಸನವೂ ಬಂದಿತು; ಇವೆರಡು ಮಾತ್ರ ಹಳ್ಳಿಯ ಬಾಗಿಲಲ್ಲಿ ಸಂಧಿಸಲಿಲ್ಲ. ಪದವೀಧರರು ಕಾಲೇಜುಗಳಿಗೆ, ಪ್ರಯೋಗಾಲಯಗಳಿಗೆ ಹೋದರು. 2004ರಲ್ಲಿ ಸ್ಥಾಪನೆಗೊಂಡ ತುಮಕೂರು ವಿಶ್ವವಿದ್ಯಾಲಯದಲ್ಲಿ ಇಂದು ಈ ಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಮುಂದೆ ಅರಿವು ಕೇಂದ್ರಗಳೆನಿಸಿಕೊಂಡವು. ಅಲ್ಲಿನ ಮೇಲ್ವಿಚಾರಕನ ಹುದ್ದೆಗೆ ಈ ಪದವಿ ಬೇಕಿಲ್ಲ. ಪದವಿ ಪಡೆದವನಿಗೂ ಆ ಹುದ್ದೆಯಲ್ಲಿ ಆಕರ್ಷಣೆಯಿಲ್ಲ.

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನ ರೈತ ಬೆಳೆಗೆ ಬಂದ ರೋಗದ ವಿಚಾರ ಕೇಳಿಕೊಂಡು ಬಂದರೆ ಅವನಿಗೂ ಪ್ರಯೋಗಾಲಯದ ವಿಜ್ಞಾನಿಯಷ್ಟೇ ಖಚಿತವಾದ ಉತ್ತರ ಬೇಕು. ಪ್ರಶ್ನೆಯನ್ನು ತಿದ್ದಿ ಕೇಳಲು ಅವನಿಗೆ ನೆರವಾಗಿ, ಸರಿಯಾದ ಪುಸ್ತಕವನ್ನು ಕೈಗಿಡಬಲ್ಲ ತಜ್ಞರು ಅಲ್ಲಿಯೇ ಹೆಚ್ಚು ಅಗತ್ಯ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೆಲವು ತಿಂಗಳಾದರೂ ಇಂಥ ಗ್ರಂಥಾಲಯಗಳಲ್ಲಿ ಕುಳಿತು ಕಲಿಯುವಂತಾದರೆ, ಓದುಗನಿಗಾಗಿಯೇ ಹುಟ್ಟಿದ ಈ ಶಾಸ್ತ್ರ ತನ್ನ ಓದುಗನನ್ನು ಮತ್ತೆ ಕಂಡೀತು.