ಹಳೆಯ ದ್ವಿಚಕ್ರ ವಾಹನದ ಖರೀದಿ ಮತ್ತು ಮಾಲೀಕತ್ವ ವರ್ಗಾವಣೆ: ಸಾರ್ವಜನಿಕರಿಗೆ ಮಾಹಿತಿ

ತುಮಕೂರು ನಗರದ ಶೆಟ್ಟಿಹಳ್ಳಿ ಹಾಗೂ ಸುತ್ತಲಿನ ಬಡಾವಣೆಗಳಿಂದ ಅಂತರಸನಹಳ್ಳಿ, ಹಿರೇಹಳ್ಳಿ ಮತ್ತು ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳಿಗೂ, ಗುಬ್ಬಿ, ಕುಣಿಗಲ್ ಪಟ್ಟಣಗಳಿಗೂ ದಿನನಿತ್ಯ ಕೆಲಸಕ್ಕೆ ಹೋಗಿಬರುವವರಲ್ಲಿ ಅನೇಕರು ಮೊದಲ ವಾಹನವಾಗಿ 100 ಸಿ.ಸಿ. ಆಸುಪಾಸಿನ ಹಳೆಯ ಮೋಟಾರ್ ಸೈಕಲ್ ಅನ್ನು ಖರೀದಿಸುತ್ತಾರೆ. ಕಡಿಮೆ ಬೆಲೆಗೆ ದೊರೆಯುವ ಇಂತಹ ವಾಹನವು ಉಪಯುಕ್ತವಾದುದೇ ಸರಿ. ಆದರೆ ಹಣ ಕೊಟ್ಟು ಕೀಲಿಕೈ ಪಡೆದ ಮಾತ್ರಕ್ಕೆ ವ್ಯವಹಾರವು ಪೂರ್ಣಗೊಳ್ಳುವುದಿಲ್ಲ. ಖರೀದಿದಾರರು ಹಾಗೂ ಮಾರಾಟಗಾರರು ಅನುಸರಿಸಬೇಕಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಕಾನೂನಿನ ದೃಷ್ಟಿಯಲ್ಲಿ ಮಾಲೀಕರು ಯಾರು?

ಮೋಟಾರು ವಾಹನಗಳ ಅಧಿನಿಯಮ, 1988ರ 2(30)ನೇ ಪ್ರಕರಣದ ಪ್ರಕಾರ, ಸಾಮಾನ್ಯವಾಗಿ ವಾಹನವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಮಾರಾಟವಾದ ಮೇಲೂ ನೋಂದಣಿ ಪ್ರಮಾಣಪತ್ರದಲ್ಲಿ (ಆರ್.ಸಿ.) ಹಳೆಯ ಹೆಸರೇ ಉಳಿದಿದ್ದಲ್ಲಿ, ಅಪಘಾತ ಪರಿಹಾರದ ಹೊಣೆ ಆ ಹೆಸರಿನವರ ಮೇಲೆಯೇ ಬರುತ್ತದೆ.

ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರವರಿ 6ರಂದು ನೀಡಿದ ತೀರ್ಪಿನಲ್ಲಿ ಈ ಅಂಶವನ್ನು ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ 2007ರಲ್ಲಿ ಮಾರಾಟವಾದ ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಾ ಹೋಗಿ, 2009ರಲ್ಲಿ ಅಪಘಾತಕ್ಕೀಡಾಯಿತು. ನೋಂದಣಿ ಮಾತ್ರ ಮೊದಲು ಮಾರಿದವರ ಹೆಸರಿನಲ್ಲಿಯೇ ಇತ್ತು. ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ನ್ಯಾಯಾಲಯವು ತೀರ್ಮಾನಿಸಿತು. ಹತ್ತು ಹದಿನೈದು ಸಾವಿರ ರೂಪಾಯಿಗೆ ಮಾರಿದ ಮೋಟಾರ್ ಸೈಕಲ್‌ಗೂ ಇದೇ ನಿಯಮ ಅನ್ವಯಿಸುತ್ತದೆ.

ಆದುದರಿಂದ ಮಾರಾಟಗಾರರು ದಿನಾಂಕ ಹಾಗೂ ಖರೀದಿದಾರರ ಹೆಸರನ್ನು ಬರೆಯದೆ, ಬರೀ ಸಹಿ ಮಾಡಿದ ನಮೂನೆಗಳನ್ನು ಯಾರಿಗೂ ಕೊಡಬಾರದು. ಅಂತಹ ಖಾಲಿ ನಮೂನೆಗಳೊಂದಿಗೆ ವಾಹನವು ಎಷ್ಟು ಬಾರಿಯಾದರೂ ಮರುಮಾರಾಟವಾಗಬಹುದು. ಅಲ್ಲಿಯವರೆಗಿನ ದಂಡದ ನೋಟೀಸುಗಳು ಹಾಗೂ ನ್ಯಾಯಾಲಯದ ಸಮನ್ಸ್‌ಗಳು ಮೊದಲ ಮಾಲೀಕರ ಮನೆಯ ಬಾಗಿಲಿಗೇ ಬರುತ್ತವೆ.

2. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ದಾಖಲೆಗಳು

ಅ) ನೋಂದಣಿ ಪ್ರಮಾಣಪತ್ರ: ಮೂಲ ಪ್ರತಿಯನ್ನೇ ನೋಡತಕ್ಕದ್ದು. ಅದರಲ್ಲಿರುವ ಚಾಸಿ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಯನ್ನು ವಾಹನದ ಮೇಲೆ ಅಚ್ಚೊತ್ತಿರುವ ಸಂಖ್ಯೆಗಳೊಂದಿಗೆ ಅಕ್ಷರಶಃ ತಾಳೆ ನೋಡಬೇಕು. ಚಾಸಿ ಸಂಖ್ಯೆಯು ಸಾಮಾನ್ಯವಾಗಿ ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ಇರುತ್ತದೆ. ಸಂಖ್ಯೆಯನ್ನು ಉಜ್ಜಿದ, ಮತ್ತೆ ಕೊರೆದ ಅಥವಾ ಬೆಸುಗೆ ಹಾಕಿದ ಗುರುತು ಕಂಡುಬಂದಲ್ಲಿ ಆ ವಾಹನವನ್ನು ಖರೀದಿಸಬಾರದು. ಕಳವಿನ ವಸ್ತುವೆಂದು ತಿಳಿದೂ ಪಡೆಯುವುದು ಭಾರತೀಯ ನ್ಯಾಯ ಸಂಹಿತೆ, 2023ರ 317ನೇ ಪ್ರಕರಣದನ್ವಯ ಅಪರಾಧ. ತಿಳಿಯದೆ ಖರೀದಿಸಿದವರು ಸಹ ವಾಹನವನ್ನೂ ಹಣವನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ.

ಆ) ವಾಹನ ದತ್ತಾಂಶ: ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಿ ನೋಂದಣಿಯ ದಿನಾಂಕ, ಇಂಧನ, ವಿಮೆ ಮೊದಲಾದ ವಿವರಗಳನ್ನು ನೋಡಬಹುದು. ಈ ವಿವರಗಳು ಪ್ರಮಾಣಪತ್ರದ ವಿವರಗಳಿಗೆ ಹೊಂದಿಕೆಯಾಗಬೇಕು.

ಇ) ಕಂತು ಕರಾರು: ವಾಹನವನ್ನು ಸಾಲದ ಮೇಲೆ ಕೊಂಡಿದ್ದಲ್ಲಿ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಹೆಸರು ಪ್ರಮಾಣಪತ್ರದಲ್ಲಿ ನಮೂದಾಗಿರುತ್ತದೆ. "ಸಾಲ ತೀರಿಸಿಯಾಗಿದೆ" ಎಂಬ ಬಾಯಿಮಾತಾಗಲಿ, ಸಾಲ ತೀರಿದ ರಸೀದಿಯಾಗಲಿ ಸಾಲದು. ನಮೂನೆ 35ರಲ್ಲಿ ಸಂಸ್ಥೆಯ ಸಹಿ ಪಡೆದು, ಈ ನಮೂದನ್ನು ನೋಂದಣಿ ದಾಖಲೆಯಿಂದ ತೆಗೆಸಿದ ನಂತರವೇ ಪೂರ್ಣ ಹಣ ಪಾವತಿಸುವುದು ಕ್ಷೇಮ.

ಈ) ಬಾಕಿ ದಂಡ: ಸಂಚಾರ ನಿಯಮ ಉಲ್ಲಂಘನೆಗಾಗಿ ವಾಹನದ ಮೇಲೆ ದಾಖಲಾದ ಬಾಕಿ ದಂಡವನ್ನು ಇ-ಚಲನ್ ಜಾಲತಾಣದಲ್ಲಿ ಪರಿಶೀಲಿಸಿ, ಮಾರಾಟಗಾರರಿಂದಲೇ ಪಾವತಿ ಮಾಡಿಸತಕ್ಕದ್ದು.

ಉ) ಸಂಖ್ಯಾಫಲಕ: 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಅಳವಡಿಸುವಂತೆ ಕರ್ನಾಟಕ ಸರ್ಕಾರವು 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಫಲಕವಿಲ್ಲದ ವಾಹನವಾದಲ್ಲಿ ಅದರ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಮೊದಲೇ ನಿಷ್ಕರ್ಷಿಸಿಕೊಳ್ಳಬೇಕು.

3. ಹದಿನೈದು ವರ್ಷ ಮೀರಿದ ವಾಹನಗಳು

ಸಾರಿಗೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ಅತಿ ಕಡಿಮೆ ಬೆಲೆಗೆ ದೊರೆಯುವ ವಾಹನಗಳಲ್ಲಿ ಹಲವು ಈ ಅವಧಿಯನ್ನು ಮೀರಿದವು ಅಥವಾ ಮೀರಲಿರುವವು. ಅವಧಿ ಮೀರಿದ ಮಾತ್ರಕ್ಕೆ ಕರ್ನಾಟಕದಲ್ಲಿ ಇಂತಹ ಮೋಟಾರ್ ಸೈಕಲ್ ಗುಜರಿಗೆ ಸೇರಬೇಕೆಂದಿಲ್ಲ. ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿದಲ್ಲಿ ನೋಂದಣಿಯನ್ನು 5 ವರ್ಷಗಳಿಗೆ ನವೀಕರಿಸಲಾಗುತ್ತದೆ. ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ಮೋಟಾರ್ ಸೈಕಲ್‌ಗೆ ರೂ. 1,000 ಆಯಿತು. 20 ವರ್ಷ ಮೀರಿದ ಮೋಟಾರ್ ಸೈಕಲ್‌ಗಳಿಗೆ 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ ರೂ. 2,000 ನಿಗದಿಯಾಯಿತು. ಇದರೊಂದಿಗೆ ಹಸಿರು ತೆರಿಗೆಯೂ ಅನ್ವಯಿಸುತ್ತದೆ. ನೋಂದಣಿಯ ಅವಧಿ ಮುಗಿದ ವಾಹನವನ್ನು ರಸ್ತೆಯಲ್ಲಿ ಚಲಾಯಿಸುವಂತಿಲ್ಲವಾದ್ದರಿಂದ, ಮೊದಲು ನವೀಕರಣ, ನಂತರ ಖರೀದಿ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

4. ವಾಹನದ ಸ್ಥಿತಿಯ ಪರಿಶೀಲನೆ

ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಯಲ್ಲಿ ಕರೆದೊಯ್ದು ಹಗಲು ಹೊತ್ತಿನಲ್ಲಿ, ಎಂಜಿನ್ ತಣ್ಣಗಿರುವಾಗ ನೋಡುವುದು ಒಳಿತು. ಮಾರಾಟಗಾರರು ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದಲ್ಲಿ ಕಿಕ್ ಹೊಡೆದೊಡನೆ ಶುರುವಾಗುವುದೋ ಇಲ್ಲವೋ ತಿಳಿಯುವುದಿಲ್ಲ.

- ಸೈಲೆನ್ಸರ್‌ನಿಂದ ಬಿಡದೆ ನೀಲಿ ಹೊಗೆ ಬರುತ್ತಿದ್ದಲ್ಲಿ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಇದಕ್ಕೆ ಪಿಸ್ಟನ್, ಬೋರ್ ಕೆಲಸ ಬೇಕಾಗಬಹುದು. ಕಪ್ಪು ಹೊಗೆಯು ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರುವುದರ ಲಕ್ಷಣ.
- ಚೈನ್ ಸ್ಪ್ರಾಕೆಟ್‌ನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದಲ್ಲಿ ಚೈನ್ ಸೆಟ್ ಬದಲಿಸಬೇಕಾಗುತ್ತದೆ.
- ಮುಂದಿನ ಫೋರ್ಕ್‌ನಲ್ಲಿ ಆಯಿಲ್ ಸೋರಿಕೆ, ಹ್ಯಾಂಡಲ್ ತಿರುಗಿಸುವಾಗ ಮಧ್ಯದಲ್ಲಿ ಹಿಡಿದಂತಾಗುವುದು, ಕೈಬಿಟ್ಟರೆ ಒಂದು ಕಡೆಗೆ ಎಳೆಯುವುದು ಇವುಗಳನ್ನು ಗಮನಿಸಬೇಕು. ಎಳೆತವು ಹಿಂದೆ ಅಪಘಾತವಾಗಿರುವುದರ ಸೂಚನೆಯಾಗಿರಬಹುದು.
- ಟೈರಿನ ಸವಕಳಿ ಸೂಚಕದ ಮಟ್ಟಕ್ಕೆ ಹೂವು ಸವೆದಿದ್ದಲ್ಲಿ ಟೈರ್ ಬದಲಿಸಲೇಬೇಕು.
- ಮೀಟರಿನಲ್ಲಿ ತೋರುವ ಕಿಲೋಮೀಟರ್ ಅನ್ನು ಮಾತ್ರ ನಂಬಬಾರದು. ಫುಟ್‌ರೆಸ್ಟ್ ರಬ್ಬರ್, ಗೇರ್ ಲಿವರ್, ಹ್ಯಾಂಡಲ್ ಗ್ರಿಪ್‌ಗಳ ಸವಕಳಿಯು ನಿಜವಾದ ಬಳಕೆಯನ್ನು ಹೇಳುತ್ತದೆ.
- ಪೆಟ್ರೋಲ್ ಬಂಕುಗಳಲ್ಲಿ ಈಗ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ದೊರೆಯುತ್ತಿದೆ. ಹಳೆಯ ಕಾರ್ಬ್ಯುರೇಟರ್ ವಾಹನಗಳು ಇದಕ್ಕಾಗಿ ತಯಾರಾದವುಗಳಲ್ಲ. ಪೆಟ್ರೋಲ್ ಪೈಪು ಹಾಗೂ ರಬ್ಬರ್ ಭಾಗಗಳು ಬಿರುಕು ಬಿಟ್ಟಿವೆಯೇ ಎಂದು ನೋಡಬೇಕು.

ತಯಾರಿಕೆಯ ವರ್ಷವೂ ಮುಖ್ಯ. 2019ರ ಏಪ್ರಿಲ್‌ನಿಂದ ಮಾರಾಟವಾದ ಸಣ್ಣ ಮೋಟಾರ್ ಸೈಕಲ್‌ಗಳಲ್ಲಿ, ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಗಳಿಗೆ ಬ್ರೇಕ್ ಬೀಳುವ ಸಂಯೋಜಿತ ವ್ಯವಸ್ಥೆ ಕಡ್ಡಾಯವಾಗಿದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದಿದೆ.

5. ವೆಚ್ಚದ ಲೆಕ್ಕ

ವಾಹನದ ಬೆಲೆಯೊಂದನ್ನೇ ನೋಡದೆ ಈ ಬಾಬತ್ತುಗಳನ್ನು ಕೂಡಿಸಿ ಲೆಕ್ಕ ಹಾಕತಕ್ಕದ್ದು: ವರ್ಗಾವಣೆ ಶುಲ್ಕ, ವಿಮೆ, ವಾಯುಮಾಲಿನ್ಯ ತಪಾಸಣೆ, ಸಂಖ್ಯಾಫಲಕ, ನವೀಕರಣವಿದ್ದಲ್ಲಿ ಅದರ ಶುಲ್ಕ, ಟೈರ್, ಚೈನ್, ಬ್ಯಾಟರಿ ಹಾಗೂ ಐ.ಎಸ್.ಐ. ಗುರುತಿನ ಹೆಲ್ಮೆಟ್.

ಉದಾಹರಣೆಗೆ, ಶೆಟ್ಟಿಹಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಗುಬ್ಬಿಗೆ ತಿಂಗಳಿಗೆ 25 ದಿನ ಹೋಗಿಬರುವವರು 1,000 ಕಿ.ಮೀ. ಸಂಚರಿಸುತ್ತಾರೆ. ಲೀಟರಿಗೆ 50 ಕಿ.ಮೀ. ಕೊಡುವ ವಾಹನಕ್ಕೆ ತಿಂಗಳಿಗೆ 20 ಲೀಟರ್ ಪೆಟ್ರೋಲ್ ಬೇಕು, 40 ಕಿ.ಮೀ. ಕೊಡುವ ವಾಹನಕ್ಕೆ 25 ಲೀಟರ್. ವ್ಯತ್ಯಾಸವು ವರ್ಷಕ್ಕೆ 60 ಲೀಟರ್ ಆಗುತ್ತದೆ. ಕೊಳ್ಳುವಾಗ ಐದು ಸಾವಿರ ರೂಪಾಯಿ ಅಗ್ಗವೆನಿಸಿದ ವಾಹನವು ಒಂದೇ ವರ್ಷದಲ್ಲಿ ಆ ಉಳಿತಾಯವನ್ನು ನುಂಗಿಹಾಕಬಲ್ಲದು.

6. ಮಾಲೀಕತ್ವ ವರ್ಗಾವಣೆಯ ವಿಧಾನ

ಅಧಿನಿಯಮದ 50ನೇ ಪ್ರಕರಣದ ಪ್ರಕಾರ:

- ಮಾರಾಟಗಾರರು ರಾಜ್ಯದೊಳಗಿನ ವರ್ಗಾವಣೆಯನ್ನು 14 ದಿನಗಳೊಳಗೆ ನಮೂನೆ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು.
- ಖರೀದಿದಾರರು 30 ದಿನಗಳೊಳಗೆ ನಮೂನೆ 30ರಲ್ಲಿ ತಮ್ಮ ವಾಸಸ್ಥಳದ ವ್ಯಾಪ್ತಿಯ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಶೆಟ್ಟಿಹಳ್ಳಿಯ ನಿವಾಸಿಗಳಿಗೆ ಇದು ತುಮಕೂರು ಪ್ರಾದೇಶಿಕ ಸಾರಿಗೆ ಕಚೇರಿ (ಕೆಎ-06). ಜಿಲ್ಲೆಯಲ್ಲಿ ತಿಪಟೂರು (ಕೆಎ-44) ಹಾಗೂ ಮಧುಗಿರಿಯಲ್ಲಿಯೂ (ಕೆಎ-64) ಕಚೇರಿಗಳಿವೆ.

ಅರ್ಜಿಯನ್ನು ಪರಿವಾಹನ್ ಜಾಲತಾಣದ ವಾಹನ ಸೇವೆಗಳ ವಿಭಾಗದಲ್ಲಿ ಭರ್ತಿ ಮಾಡಿ, ಅಲ್ಲಿ ತೋರಿಸುವ ಶುಲ್ಕವನ್ನು ಪಾವತಿಸಬಹುದು. ಲಗತ್ತಿಸಬೇಕಾದ ದಾಖಲೆಗಳು: ಮೂಲ ನೋಂದಣಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ವಾಯುಮಾಲಿನ್ಯ ಪ್ರಮಾಣಪತ್ರ ಹಾಗೂ ಖರೀದಿದಾರರ ವಿಳಾಸದ ಪುರಾವೆ. ಕಂತು ಕರಾರು ಇದ್ದಲ್ಲಿ ನಮೂನೆ 35ನ್ನೂ ಲಗತ್ತಿಸಬೇಕು.

ಬೆಂಗಳೂರು ಅಥವಾ ರಾಜ್ಯದ ಬೇರೆ ಯಾವುದೇ ಜಿಲ್ಲೆಯಲ್ಲಿ ನೋಂದಣಿಯಾದ ವಾಹನವನ್ನು ಕೊಂಡಲ್ಲಿ ನೋಂದಣಿ ಸಂಖ್ಯೆ ಬದಲಾಗುವುದಿಲ್ಲ. ಹೆಸರು ಮತ್ತು ವಿಳಾಸ ಮಾತ್ರ ಬದಲಾಗುತ್ತವೆ.

ಹಣವನ್ನು ಬ್ಯಾಂಕ್ ಖಾತೆ ಅಥವಾ ಯು.ಪಿ.ಐ. ಮೂಲಕ ಪಾವತಿಸಿ, ವಾಹನ ಹಸ್ತಾಂತರಿಸಿದ ದಿನಾಂಕ ಮತ್ತು ಸಮಯವನ್ನು ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಮಾಡುವುದು ಸೂಕ್ತ. ಆದರೆ ಈ ಪತ್ರವು ವ್ಯವಹಾರದ ಸಾಕ್ಷ್ಯವೇ ಹೊರತು ವರ್ಗಾವಣೆಗೆ ಬದಲಿಯಲ್ಲ.

7. ವಿಮೆ

ಮೂರನೇ ವ್ಯಕ್ತಿಯ ವಿಮೆ ಇಲ್ಲದೆ ವಾಹನ ಚಲಾಯಿಸುವುದು 146ನೇ ಪ್ರಕರಣದನ್ವಯ ನಿಷಿದ್ಧ. 75ರಿಂದ 150 ಸಿ.ಸಿ.ವರೆಗಿನ ವಾಹನಕ್ಕೆ 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ ಈ ವಿಮೆಯ ವಾರ್ಷಿಕ ಕಂತು, ತೆರಿಗೆ ಹೊರತುಪಡಿಸಿ, ರೂ. 714. 157ನೇ ಪ್ರಕರಣದ ಪ್ರಕಾರ ಹಳೆಯ ಮಾಲೀಕರ ಮೂರನೇ ವ್ಯಕ್ತಿ ವಿಮೆಯು ವರ್ಗಾವಣೆಯ ದಿನದಿಂದಲೇ ಖರೀದಿದಾರರಿಗೆ ವರ್ಗವಾಗಿದೆಯೆಂದು ಭಾವಿಸಲಾಗುತ್ತದೆ. ಆದಾಗ್ಯೂ, ಖರೀದಿದಾರರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಿ ಹೆಸರು ಬದಲಾಯಿಸಿಕೊಳ್ಳತಕ್ಕದ್ದು.

ಸ್ವಂತ ವಾಹನದ ಹಾನಿಯ ವಿಮೆಯು ಹೀಗೆ ತಾನಾಗಿ ವರ್ಗವಾಗುವುದಿಲ್ಲ. ಅದಕ್ಕಿಂತ ಮುಖ್ಯವಾದುದು ಮಾಲೀಕ-ಚಾಲಕರ ರೂ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ನೋಂದಣಿ ಹಾಗೂ ವಿಮೆ ಎರಡೂ ತಮ್ಮ ಹೆಸರಿನಲ್ಲಿದ್ದು, ಊರ್ಜಿತ ಚಾಲನಾ ಅನುಜ್ಞಾಪತ್ರವುಳ್ಳ ಮಾಲೀಕರಿಗೆ ಇದು ಅನ್ವಯಿಸುತ್ತದೆ. ಬೇರೆಯವರ ಹೆಸರಿನಲ್ಲಿಯೇ ಉಳಿದ ವಾಹನವನ್ನು ಓಡಿಸುವಾಗ ಖರೀದಿದಾರರು ಮೃತಪಟ್ಟಲ್ಲಿ ಅವರ ಕುಟುಂಬಕ್ಕೆ ಈ ಮೊತ್ತ ದೊರೆಯುವುದಿಲ್ಲ. ದುಡಿಯುವ ವ್ಯಕ್ತಿಯೊಬ್ಬರೇ ಇರುವ ಮನೆಗಳಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

8. ವಿಶೇಷ ಸಂದರ್ಭಗಳು

ಮಾಲೀಕರು ಮೃತಪಟ್ಟಿದ್ದಲ್ಲಿ: ವಾರಸುದಾರರು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ಮೊದಲು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಮೃತರ ಹೆಸರಿನಲ್ಲಿರುವ ವಾಹನವನ್ನು ನೇರವಾಗಿ ಕೊಳ್ಳಬಾರದು.

ಹೊರರಾಜ್ಯದ ವಾಹನ: ಜಿಲ್ಲೆಯ ಗಡಿಗೆ ಹೊಂದಿಕೊಂಡ ಆಂಧ್ರ ಪ್ರದೇಶದ ವಾಹನಗಳು ಕಡಿಮೆ ಬೆಲೆಗೆ ದೊರೆಯುವುದುಂಟು. ಇವುಗಳಿಗೆ ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಅವಶ್ಯ. ಕರ್ನಾಟಕದ ತೆರಿಗೆಯನ್ನೂ ಪಾವತಿಸಬೇಕಾಗುತ್ತದೆ. ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಬೆಲೆ ನಿರ್ಧರಿಸಬೇಕು.

ವ್ಯಾಪಾರಿಗಳಿಂದ ಖರೀದಿ: 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಹಳೆಯ ವಾಹನಗಳ ವ್ಯಾಪಾರಿಗಳು ನಮೂನೆ 29ಬಿಯಲ್ಲಿ ಅಧಿಕಾರಪತ್ರ ಪಡೆದಿರಬೇಕು. ವಾಹನವನ್ನು ಅಧಿಕೃತ ವ್ಯಾಪಾರಿಗೆ ಒಪ್ಪಿಸುವ ಮಾಲೀಕರು ನಮೂನೆ 29ಸಿಯಲ್ಲಿ ತಿಳುವಳಿಕೆ ನೀಡತಕ್ಕದ್ದು.

9. ಸವಾರರ ಅರ್ಹತೆ

ಗೇರ್ ಸಹಿತ ಮೋಟಾರ್ ಸೈಕಲ್ ಚಲಾಯಿಸಲು 18 ವರ್ಷ ತುಂಬಿರಬೇಕು. ಕಲಿಕಾ ಅನುಜ್ಞಾಪತ್ರವು 6 ತಿಂಗಳು ಊರ್ಜಿತದಲ್ಲಿದ್ದು, ಅದನ್ನು ಪಡೆದ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದಲ್ಲಿ 199ಎ ಪ್ರಕರಣದಂತೆ ಪೋಷಕರಿಗೆ ಅಥವಾ ವಾಹನ ಮಾಲೀಕರಿಗೆ 3 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ರೂ. 25,000 ದಂಡ ವಿಧಿಸಲು ಅವಕಾಶವಿದೆ. ಕಾಲೇಜಿಗೆ ಸೇರಿದ ಮಕ್ಕಳಿಗೆ ಅಗ್ಗದ ವಾಹನ ಕೊಡಿಸುವ ಪೋಷಕರು ಇದನ್ನು ಗಮನದಲ್ಲಿಡತಕ್ಕದ್ದು. ಸವಾರರು ಹಾಗೂ ಹಿಂಬದಿ ಸವಾರರು ಇಬ್ಬರೂ ಹೆಲ್ಮೆಟ್ ಧರಿಸುವುದು ಕಡ್ಡಾಯ.

ಸೂಚನೆ: ವರ್ಗಾವಣೆಯ ನಂತರ ಹೊಸ ಹೆಸರಿನ ನೋಂದಣಿ ಪ್ರಮಾಣಪತ್ರ ಕೈಸೇರಿದ ಮೇಲೆ ಅದರಲ್ಲಿನ ಹೆಸರು, ವಿಳಾಸ, ಚಾಸಿ ಹಾಗೂ ಎಂಜಿನ್ ಸಂಖ್ಯೆಗಳನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳಬೇಕು. ಮಾರಾಟಗಾರರು ಸಹ ದಾಖಲೆಯಲ್ಲಿ ತಮ್ಮ ಹೆಸರು ಬದಲಾಗಿರುವುದನ್ನು ಖಚಿತಪಡಿಸಿಕೊಳ್ಳುವವರೆಗೆ ಅರ್ಜಿಯ ಸ್ವೀಕೃತಿ ಹಾಗೂ ನಮೂನೆ 29ರ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.