ಮನೆ ಬಾಡಿಗೆಗಿದೆ: ಸಣ್ಣ ಮಾಲೀಕರ ನೂರು ವರ್ಷ

ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯ ಅಡ್ಡರಸ್ತೆಯಲ್ಲಿ ನಡೆದು ಹೋದರೂ ಗೇಟಿಗೆ ತೂಗುಹಾಕಿದ ‘ಮನೆ ಬಾಡಿಗೆಗಿದೆ’ ಎಂಬ ಹಲಗೆ ಕಾಣಸಿಗುತ್ತದೆ. ಅದನ್ನು ತೂಗುಹಾಕಿದವರು ಸಾಮಾನ್ಯವಾಗಿ ದೊಡ್ಡ ಶ್ರೀಮಂತರಲ್ಲ. ಒಬ್ಬ ನಿವೃತ್ತ ಗುಮಾಸ್ತ, ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ, ಸೌದಿಯಲ್ಲಿ ಹದಿನೈದು ವರ್ಷ ದುಡಿದು ಬಂದ ಒಬ್ಬ ಡ್ರೈವರ್. ಕೆಳಗೆ ತಾವಿದ್ದು ಮೇಲಿನ ಒಂದೆರಡು ಮನೆಗಳ ಬಾಡಿಗೆಯಲ್ಲಿ ಔಷಧಿಯ ಖರ್ಚು, ಮಕ್ಕಳ ಫೀಜು ನೋಡಿಕೊಳ್ಳುವವರು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಜಮೀನ್ದಾರರಿದ್ದಾರೆ, ಗೇಣಿದಾರರಿದ್ದಾರೆ. ಆದರೆ ಈ ಸಣ್ಣ ಮನೆ ಮಾಲೀಕರು ಎಲ್ಲಿಂದ ಬಂದರು, ಯಾವ ನಂಬಿಕೆ ಮತ್ತು ಯಾವ ಭಯ ಅವರನ್ನು ರೂಪಿಸಿತು ಎಂಬ ಬಗ್ಗೆ ನಾವು ಹೆಚ್ಚು ಯೋಚಿಸಿದವರಲ್ಲ. ಇಂದು ಉಳಿತಾಯದ ಹಣವನ್ನು ಮನೆಗೆ ಹಾಕಿ ಬಾಡಿಗೆ ಪಡೆಯಬೇಕೆಂದು ಹೊರಟವರು ನಮ್ಮ ನಡುವೆ ಬಹಳಷ್ಟು ಮಂದಿ ಇರುವುದರಿಂದ ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಬಾಡಿಗೆಯ ಪ್ರಶ್ನೆ ಮುಸ್ಲಿಮರಿಗೆ ಹೊಸದಲ್ಲ. ಮಕ್ಕಾದ ಮನೆಗಳನ್ನು ಬಾಡಿಗೆಗೆ ಕೊಡಬಹುದೇ ಎಂಬುದು ಇಸ್ಲಾಮೀ ಕಾನೂನಿನ ಅತ್ಯಂತ ಹಳೆಯ ಚರ್ಚೆಗಳಲ್ಲೊಂದು. ಆ ನಗರದಲ್ಲಿ ಸ್ಥಳೀಯರೂ ಹೊರಗಿನಿಂದ ಬಂದವರೂ ಸಮಾನರೆಂದು ಕುರ್‌ಆನ್‌ನ ‘ಅಲ್ ಹಜ್ಜ್’ ಅಧ್ಯಾಯ ಹೇಳುತ್ತದೆ. ಹಜ್ಜ್‌ನ ದಿನಗಳಲ್ಲಿ ಯಾತ್ರಿಕರಿಂದ ಬಾಡಿಗೆ ವಸೂಲು ಮಾಡುವುದನ್ನು ಇಮಾಮ್ ಅಬೂ ಹನೀಫಾ ಇಷ್ಟಪಡಲಿಲ್ಲ. ಇಮಾಮ್ ಶಾಫಿಈ ಮನೆ ಮಾಲೀಕನ ಹಕ್ಕನ್ನು ಎತ್ತಿಹಿಡಿದರು. ಇಲ್ಲಿ ಗಮನಿಸಬೇಕಾದುದು ಯಾರು ಗೆದ್ದರೆಂಬುದನ್ನಲ್ಲ. ಮನೆ ಎಂಬುದು ಬರೀ ಸರಕಲ್ಲ, ನೆಲೆಯಿಲ್ಲದವನ ಅಗತ್ಯವೂ ಹೌದು ಎಂಬ ಅರಿವು ಅಂದೇ ಇತ್ತು. ಬಾಡಿಗೆಯನ್ನು, ಅಂದರೆ ‘ಇಜಾರಾ’ವನ್ನು, ಎಲ್ಲ ಪಂಥಗಳೂ ಒಪ್ಪಿದವು. ಆದರೆ ಷರತ್ತುಗಳೊಂದಿಗೆ. ಮೊತ್ತ ಸ್ಪಷ್ಟವಿರಬೇಕು, ಅವಧಿ ಸ್ಪಷ್ಟವಿರಬೇಕು, ಮನೆ ವಾಸಕ್ಕೆ ಯೋಗ್ಯವಾಗಿರಬೇಕು. ಉಸ್ಮಾನೀ ಸಾಮ್ರಾಜ್ಯವು 1869ರಿಂದ 1876ರ ನಡುವೆ ರೂಪಿಸಿದ ‘ಮಜಲ್ಲಾ’ ಎಂಬ ಕಾನೂನು ಸಂಹಿತೆಯಲ್ಲಿ ವಾಸಕ್ಕೆ ಬೇಕಾದ ರಿಪೇರಿಯ ಹೊಣೆ ಮಾಲೀಕನದು. ಅವನು ಮಾಡಿಸದಿದ್ದರೆ ಬಾಡಿಗೆದಾರ ಮನೆ ಬಿಟ್ಟು ಹೋಗಬಹುದು. ಸೋರುವ ಸೂರಿನ ಕೆಳಗೆ ಬಾಡಿಗೆ ಎಣಿಸಿಕೊಳ್ಳುವ ಮಾಲೀಕರು ಇದನ್ನು ನೆನಪಿಡಬೇಕು.

ಪ್ಲೇಗು ಕಟ್ಟಿದ ಬಡಾವಣೆಗಳು

ಬೆಂಗಳೂರಿಗೆ ಬರೋಣ. ಕೆಂಪೇಗೌಡರ ಪೇಟೆಯಲ್ಲಿ ಮನೆ ಮತ್ತು ಕಸುಬು ಬೇರೆ ಬೇರೆಯಾಗಿರಲಿಲ್ಲ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. 1809ರಲ್ಲಿ ಬ್ರಿಟಿಷರು ದಂಡನ್ನು ಶ್ರೀರಂಗಪಟ್ಟಣದಿಂದ ಇಲ್ಲಿಗೆ ತಂದ ಮೇಲೆ ಪೂರ್ವಕ್ಕೆ ಇನ್ನೊಂದು ಊರೇ ಬೆಳೆಯಿತು. ಸೈನ್ಯದ ಬೆನ್ನಿಗೇ ಗುತ್ತಿಗೆದಾರರು, ದರ್ಜಿಗಳು, ಕಸಾಯಿಗಳು, ಅಡುಗೆಯವರು ಬಂದರು. ಅವರಲ್ಲಿ ತಮಿಳು ಮತ್ತು ಉರ್ದು ಮಾತಾಡುವವರೇ ಹೆಚ್ಚು.

1898ರ ಆಗಸ್ಟ್‌ನಲ್ಲಿ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಿಂದ ಜನ ಓಡಿದರು. ಅದಕ್ಕೂ ಕೆಲವು ವರ್ಷ ಮೊದಲೇ ಯೋಚಿಸಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಆಗ ವೇಗ ಪಡೆದವು. ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು. ಅಲ್ಲಿ ಇಲಿಗಳು ನುಸುಳದ ಹಾಗೆ ಮನೆ ಕಟ್ಟುವ ಪ್ರಯೋಗವೇ ನಡೆಯಿತು. ಅಗಲ ರಸ್ತೆ, ಹಿಂದೆ ಮುಂದೆ ಖಾಲಿ ಜಾಗ, ಗಾಳಿ ಬೆಳಕು. ಇವೆಲ್ಲ ನಾವು ಇಂದು ಬಯಸುವ ‘ಒಳ್ಳೆಯ ಏರಿಯಾ’ದ ಲಕ್ಷಣಗಳು. ಆದರೆ ಆ ಹೊಸ ನಕ್ಷೆಗಳಲ್ಲಿಯೇ ಜಾತಿ ಮತಗಳಿಗೆ ಬೇರೆ ಬೇರೆ ಭಾಗಗಳನ್ನು ಗುರುತಿಸಲಾಗಿತ್ತೆಂಬುದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ರೋಗದಿಂದ ಓಡಿ ಬಂದವರಿಗೆ ಸರಕಾರ ನಿವೇಶನ ಕೊಟ್ಟಿತು, ಜೊತೆಗೆ ಗೋಡೆಯನ್ನೂ ಕೊಟ್ಟಿತು.

ನಿವೇಶನ ದೊರೆತವರೆಲ್ಲರ ಕೈಯಲ್ಲಿ ಹಣವಿರಲಿಲ್ಲ. ಅನೇಕರು ಮುಂದೆ ತಮ್ಮ ಮನೆ ಕಟ್ಟಿ, ಹಿಂದಿನ ಜಾಗದಲ್ಲಿ ಸಾಲಾಗಿ ಐದಾರು ಪುಟ್ಟ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಅದೇ ವಠಾರ. ಒಂದೇ ಬಾವಿ, ಅನಂತರ ಒಂದೇ ನಲ್ಲಿ, ಹಂಚಿಕೊಂಡ ಕಕ್ಕಸು, ರಾತ್ರಿ ಹತ್ತಕ್ಕೆ ಬೀಗ ಬೀಳುವ ಮುಂಬಾಗಿಲು. ಮಾಲೀಕ ಅಲ್ಲೇ ಇದ್ದುದರಿಂದ ಅವನ ಕಿರಿಕಿರಿಯೂ ಇತ್ತು, ಕಷ್ಟಕ್ಕೆ ಒದಗುವುದೂ ಇತ್ತು. ಹೆರಿಗೆಯಾದರೆ ಮಾಲೀಕರ ಮನೆಯಿಂದ ಬಿಸಿನೀರು ಬರುತ್ತಿತ್ತು. ಬಾಡಿಗೆ ತಡವಾದರೆ ಅದೇ ಮನೆಯಿಂದ ಬೈಗುಳವೂ ಬರುತ್ತಿತ್ತು. ಸಣ್ಣ ಮನೆ ಮಾಲೀಕ ಎಂಬ ವರ್ಗ ಹುಟ್ಟಿದ್ದು ಈ ವಠಾರಗಳಲ್ಲಿ ಎಂದರೆ ತಪ್ಪಾಗದು.

ಯುದ್ಧ ಮತ್ತು ಕಾಯಿದೆ

ಬಾಡಿಗೆ ನಿಯಂತ್ರಣ ಭಾರತಕ್ಕೆ ಬಂದದ್ದು ಯುದ್ಧದ ಜೊತೆಗೆ. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಮುಂಬಯಿಯಲ್ಲಿ ಬಾಡಿಗೆಗೆ ಕಡಿವಾಣ ಹಾಕುವ ಕಾಯಿದೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಇದು ಇತರ ನಗರಗಳಿಗೂ ಹಬ್ಬಿತು. ಬೆಂಗಳೂರು ಆಗ ಸೈನ್ಯದ, ಕಾರ್ಖಾನೆಗಳ ಊರಾಗಿತ್ತು. 1941ರಲ್ಲಿ ನಾಲ್ಕು ಲಕ್ಷವಿದ್ದ ಜನಸಂಖ್ಯೆ 1951ಕ್ಕೆ ಏಳೂಮುಕ್ಕಾಲು ಲಕ್ಷ ದಾಟಿತು. ಅಷ್ಟು ಜನಕ್ಕೆ ಮನೆಯೆಲ್ಲಿ? 1951ರಲ್ಲಿ ಮೈಸೂರು ರಾಜ್ಯ ಒಂದು ಕಾಯಿದೆ ಮಾಡಿತು. ಏಕೀಕರಣದ ನಂತರ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಂತು. ಅದರಂತೆ ಕಾನೂನು ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರನನ್ನು ಬಿಡಿಸುವಂತಿರಲಿಲ್ಲ. ಮನೆ ಖಾಲಿಯಾದರೆ ಬಾಡಿಗೆ ನಿಯಂತ್ರಕರಿಗೆ ತಿಳಿಸಬೇಕಿತ್ತು. ಅವರು ಅದನ್ನು ಬೇರೆಯವರಿಗೆ ಹಂಚಬಹುದಿತ್ತು.

ಈ ಕಾಯಿದೆ ಬಡ ಬಾಡಿಗೆದಾರರನ್ನು ಬೀದಿಪಾಲಾಗದಂತೆ ಕಾಪಾಡಿತು. ಅದನ್ನು ನಾವು ಮರೆಯಬಾರದು. ಆದರೆ ಐವತ್ತು ರೂಪಾಯಿಗೆ ನಿಂತ ಬಾಡಿಗೆ ಮೂವತ್ತು ವರ್ಷ ಕಳೆದರೂ ಅಲ್ಲೇ ನಿಂತಾಗ, ಅದೊಂದೇ ಆದಾಯದ ವಿಧವೆಯರು ತಮ್ಮ ಮನೆಯ ಬಾಡಿಗೆದಾರನಿಗಿಂತ ಬಡವರಾದದ್ದೂ ಉಂಟು. ಮಾಲೀಕರಲ್ಲಿ ಒಂದು ಭಯ ಮನೆಮಾಡಿತು: ಒಳಗೆ ಬಂದವನು ಹೊರಗೆ ಹೋಗುವುದಿಲ್ಲ. ಅನೇಕರು ಮನೆಗೆ ಬೀಗ ಹಾಕಿದರು, ಇಲ್ಲವೇ ‘ನಮ್ಮವರಿಗೆ’ ಮಾತ್ರ ಕೊಡತೊಡಗಿದರು. ಕರ್ನಾಟಕ ಬಾಡಿಗೆ ಕಾಯಿದೆ 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಂತಹ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ, ಇತರ ಪಟ್ಟಣಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ನಗರದ ಹೆಚ್ಚಿನ ಮನೆಗಳಿಗೆ ಆ ರಕ್ಷಣೆಯಿಲ್ಲ. ಕಾಯಿದೆ ಸಡಿಲವಾಯಿತು, ಭಯ ಮಾತ್ರ ಉಳಿದುಕೊಂಡಿತು. ಹನ್ನೊಂದು ತಿಂಗಳ ಕರಾರು ಪತ್ರವನ್ನೇ ನೋಡಿ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ಕಾಯಿದೆ ಹೇಳುವುದರಿಂದ ನಾವು ತಲೆಮಾರುಗಳಿಂದ ಹನ್ನೊಂದಕ್ಕೇ ನಿಂತಿದ್ದೇವೆ.

ಭೋಗ್ಯವೆಂಬ ಹಳೆಯ ಗಂಟು

ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ನೌಕರರು ನಿವೃತ್ತಿಯ ಹಣದಲ್ಲಿ ಕಟ್ಟಿದ ಮನೆಗಳು ಎರಡನೆಯ ಪೀಳಿಗೆಯ ಸಣ್ಣ ಮಾಲೀಕರನ್ನು ಸೃಷ್ಟಿಸಿದವು. 1973ರ ನಂತರ ಕೊಲ್ಲಿಯ ಎಣ್ಣೆ ಹಣ ಮಂಗಳೂರು, ಉಡುಪಿ, ಭಟ್ಕಳಗಳಲ್ಲಿ ಮೂರನೆಯದನ್ನು. ಇವರಲ್ಲಿ ಹಲವರ ಮುಂದೆ ಬಂದು ನಿಂತದ್ದು ಭೋಗ್ಯದ ಆಮಿಷ. ಬಾಡಿಗೆಯ ಬದಲು ಒಂದೇ ಸಲ ದೊಡ್ಡ ಮೊತ್ತ ಪಡೆದು ಮನೆ ಕೊಡುವುದು, ಅವಧಿ ಮುಗಿದಾಗ ಪೂರ್ತಿ ಹಣ ಹಿಂದಿರುಗಿಸುವುದು.

ಭೋಗ್ಯ ನಮ್ಮ ನೆಲದ ಬಹಳ ಹಳೆಯ ಪದ್ಧತಿ. ಹನ್ನೆರಡನೆಯ ಶತಮಾನದ ಆಸುಪಾಸಿನಲ್ಲಿ ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರ’ವು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ಅಲ್ಲಿ ಅಡವುಗಳನ್ನು ಬರೀ ಕಾಪಾಡಬೇಕಾದ್ದು ಮತ್ತು ಅನುಭವಿಸಬಹುದಾದ್ದು ಎಂದು ವಿಂಗಡಿಸಲಾಗಿದೆ. ಎರಡನೆಯದೇ ಭೋಗ್ಯ. ಕುತೂಹಲದ ಸಂಗತಿಯೆಂದರೆ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ದೂರದ ಬುಖಾರಾದ ಹನಫಿ ವಿದ್ವಾಂಸರೂ ಇದೇ ಗಂಟನ್ನು ಬಿಡಿಸುತ್ತಿದ್ದರು. ಅಲ್ಲಿನ ಜನ ಬಡ್ಡಿಯಿಂದ ಪಾರಾಗಲು ತೋಟವನ್ನೋ ಮನೆಯನ್ನೋ ‘ಮಾರಿ’, ಹಣ ಹಿಂದಿರುಗಿಸಿದಾಗ ಮರಳಿ ಪಡೆಯುವ ಒಪ್ಪಂದ ಮಾಡುತ್ತಿದ್ದರು. ಅಲ್ಲಿಯವರೆಗೆ ಫಲವೆಲ್ಲ ಹಣ ಕೊಟ್ಟವನಿಗೆ. ಇದಕ್ಕೆ ‘ಬೈಉಲ್ ವಫಾ’ ಎಂದು ಹೆಸರು. ಜನರ ಅನಿವಾರ್ಯತೆ ನೋಡಿ ಕೆಲವರು ಒಪ್ಪಿದರು. ಇದು ಮಾರಾಟದ ವೇಷ ತೊಟ್ಟ ಸಾಲ ಎಂದು ಇತರರು ತಿರಸ್ಕರಿಸಿದರು. 1992ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಇದು ಸಮ್ಮತವಲ್ಲವೆಂದೇ ತೀರ್ಮಾನಿಸಿತು.

ಭೋಗ್ಯದ ಲೆಕ್ಕವನ್ನು ಬಿಡಿಸಿ ನೋಡಿದರೆ ಕಾರಣ ತಿಳಿಯುತ್ತದೆ. ತಿಂಗಳಿಗೆ 8 ಸಾವಿರ ಬಾಡಿಗೆ ಬರುವ ಮನೆಯನ್ನು 8 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ, ಹಣ ಕೊಟ್ಟವನಿಗೆ ವರ್ಷಕ್ಕೆ 96 ಸಾವಿರದ ವಾಸ ಪುಕ್ಕಟೆ. ಸಾಲದ ಮೇಲೆ ನೂರಕ್ಕೆ ಹನ್ನೆರಡರ ಲಾಭ. ಹೆಸರು ಭೋಗ್ಯ, ಒಳಗಿನದು ಬಡ್ಡಿ. ಬ್ಯಾಂಕಿನ ಬಡ್ಡಿಗೆ ಹೆದರುವ ನಮ್ಮವರು ಭೋಗ್ಯದ ಕರಾರಿಗೆ ಸರಾಗವಾಗಿ ಸಹಿ ಹಾಕುವುದು ವಿಚಿತ್ರ. ‘ತಿಂಗಳ ಬಾಡಿಗೆಯ ಹೊರೆ ತಪ್ಪುತ್ತದಲ್ಲ’ ಎಂದು ಬಡ ಕುಟುಂಬಗಳು ಹೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅಪಾಯವಿರುವುದೂ ಅವರಿಗೇ. ಮಾಲೀಕ ಆ ಹಣವನ್ನು ಮಗಳ ಮದುವೆಗೋ ಇನ್ನೊಂದು ನಿವೇಶನಕ್ಕೋ ಖರ್ಚು ಮಾಡಿರುತ್ತಾನೆ. ಅವಧಿ ಮುಗಿದಾಗ ಹೊಸ ಭೋಗ್ಯದಾರ ಸಿಗುವವರೆಗೆ ಹಳಬನಿಗೆ ಹಣವಿಲ್ಲ. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಅದು ಜಪ್ತಿಯಾದರೆ, ಚಿನ್ನ ಮಾರಿ ಹಣ ಹೊಂದಿಸಿದ ಕುಟುಂಬ ಬೀದಿಯಲ್ಲಿ. ಇಂತಹದೇ ಪದ್ಧತಿಯಿರುವ ದಕ್ಷಿಣ ಕೊರಿಯಾದಲ್ಲಿ ಸಾವಿರಾರು ಬಾಡಿಗೆದಾರರು ಠೇವಣಿ ಕಳೆದುಕೊಂಡು, 2023ರಲ್ಲಿ ವಿಶೇಷ ಕಾನೂನನ್ನೇ ತರಬೇಕಾಯಿತು.

ಹೊಸದಾಗಿ ಹೊರಟವರಿಗೆ

ಈ ಚರಿತ್ರೆಯಿಂದ ಹೊಸ ಮಾಲೀಕರು ಕಲಿಯಬೇಕಾದುದೇನು? ಮೊದಲನೆಯದು, ಲೆಕ್ಕ. ಜಾಗದ ಬೆಲೆ ಬಿಟ್ಟು 20 ಲಕ್ಷ ಸುರಿದು ಕಟ್ಟಿದ ಮನೆಗೆ 8 ಸಾವಿರ ಬಾಡಿಗೆ ಬಂತೆನ್ನಿ. ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ ಕೈಗೆ ಬರುವುದು 88 ಸಾವಿರ. ಕಂದಾಯ, ಸುಣ್ಣಬಣ್ಣ, ಪಂಪಿನ ರಿಪೇರಿಗೆ 18 ಸಾವಿರ ಹೋದರೆ ಉಳಿಯುವುದು 70 ಸಾವಿರ, ನೂರಕ್ಕೆ ಮೂರೂವರೆ. ಸಾಲ ತಂದು ಕಟ್ಟಿದವನನ್ನು ಈ ಬಾಡಿಗೆ ಉಳಿಸುವುದಿಲ್ಲ. ವಠಾರ ಕಟ್ಟಿದ ಹಿರಿಯರು ಕೈಯಲ್ಲಿದ್ದಷ್ಟು ಹಣಕ್ಕೆ ಒಂದೊಂದೇ ಮನೆ ಸೇರಿಸುತ್ತಿದ್ದುದು ಬುದ್ಧಿವಂತಿಕೆಯೇ. ಬಾಡಿಗೆ ಮನೆಯ ಬೆಲೆಯ ಮೇಲೆ ಝಕಾತ್ ಇಲ್ಲ, ಕೂಡಿಟ್ಟ ಬಾಡಿಗೆ ಹಣದ ಮೇಲೆ ಇದೆ ಎಂಬುದು ಹೆಚ್ಚಿನ ವಿದ್ವಾಂಸರ ನಿಲುವು. ಅದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಎರಡನೆಯದು, ಮುಂಗಡ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ರೂಢಿಯಾಗಿಬಿಟ್ಟಿತ್ತು. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಸಾಕೆನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿದರಷ್ಟೇ ಕಾನೂನು. ಆದರೆ ನ್ಯಾಯವಾಗಿರಲು ನಾವು ಕಾನೂನಿಗೆ ಕಾಯಬೇಕಾಗಿಲ್ಲ. ಮುಂಗಡ ನಮ್ಮ ಆದಾಯವಲ್ಲ, ನಮ್ಮ ತಲೆಯ ಮೇಲಿನ ಋಣ.

ಮೂರನೆಯದು, ವಕ್ಫ್‌ನ ಪಾಠ. ಸಾಚಾರ್ ಸಮಿತಿ 2006ರಲ್ಲಿ ಹೇಳಿದಂತೆ ದೇಶದ ನಾಲ್ಕು ಲಕ್ಷ ತೊಂಬತ್ತು ಸಾವಿರ ನೋಂದಾಯಿತ ವಕ್ಫ್ ಆಸ್ತಿಗಳಿಂದ ಬರುತ್ತಿದ್ದ ವಾರ್ಷಿಕ ಆದಾಯ ಸುಮಾರು 163 ಕೋಟಿ ರೂಪಾಯಿ, ಅಂದರೆ ದಾಖಲಾದ ಮೌಲ್ಯದ ನೂರಕ್ಕೆ 2.7 ಮಾತ್ರ. ಮಸೀದಿಯ ಅಂಗಡಿಯನ್ನು ಅಜ್ಜನ ಕಾಲದ ಬಾಡಿಗೆಗೆ ಹಿಡಿದು, ಒಳಬಾಡಿಗೆಗೆ ಕೊಟ್ಟು ಹಲವು ಪಟ್ಟು ಗಳಿಸುವವರು ನಮ್ಮವರೇ. ಬಾಡಿಗೆಗೆ ಪಡೆದುದನ್ನು ತಾನೇನೂ ಸುಧಾರಿಸದೆ ಹೆಚ್ಚಿನ ಬಾಡಿಗೆಗೆ ಕೊಟ್ಟವನು ಆ ಹೆಚ್ಚುವರಿಯನ್ನು ದಾನ ಮಾಡಬೇಕೆಂದು ಹನಫಿ ಗ್ರಂಥಗಳು ಹೇಳುತ್ತವೆ. ಬಾಡಿಗೆದಾರನೂ ಅನ್ಯಾಯ ಮಾಡಬಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊನೆಯದು ಮತ್ತು ಕಠಿಣವಾದುದು, ಯಾರಿಗೆ ಮನೆ ಎಂಬ ಪ್ರಶ್ನೆ. ದಿಲ್ಲಿಯ ಸುತ್ತಮುತ್ತ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಲಿತರಿಗೂ, ಅವರಿಗಿಂತ ಹೆಚ್ಚಾಗಿ ಮುಸ್ಲಿಮರಿಗೂ, ಮನೆ ನಿರಾಕರಿಸಿದ್ದು ಕಂಡುಬಂದಿತು. ಫೋನಿನಲ್ಲಿ ಖಾಲಿಯಿದ್ದ ಮನೆ ಹೆಸರು ಹೇಳಿದೊಡನೆ ‘ಈಗಷ್ಟೇ ಹೋಯಿತು’ ಎಂದಾಗುವ ಅನುಭವ ನಮ್ಮ ಎಷ್ಟು ಮನೆಗಳಲ್ಲಿಲ್ಲ! ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಕೊಡುವ ವಸತಿ ಸಹಕಾರ ಸಂಘವೊಂದರ ನಿಯಮವನ್ನು ಎತ್ತಿಹಿಡಿಯಿತು. ಪ್ಲೇಗಿನ ಕಾಲದ ನಕ್ಷೆಯ ಗೋಡೆ ಇನ್ನೂ ಬಿದ್ದಿಲ್ಲ.

ಆದರೆ ಬೇರೆಯವರನ್ನು ದೂರುವ ಮೊದಲು ನಾವು ನಮ್ಮ ಹಲಗೆಯನ್ನೂ ಓದಿಕೊಳ್ಳಬೇಕು. ಮುಸ್ಲಿಮ್ ಮಾಲೀಕರು ದಲಿತ ಕುಟುಂಬಕ್ಕೆ, ಒಂಟಿ ಹೆಣ್ಣಿಗೆ, ಈಶಾನ್ಯದಿಂದ ಬಂದ ಹುಡುಗರಿಗೆ ಮನೆ ಕೊಡುತ್ತಿದ್ದೇವೆಯೇ? ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರರಿಗೆ ಮದೀನಾದ ಅನ್ಸಾರರು ಬಾಗಿಲು ತೆರೆದ ಕತೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅವರು ಬಾಡಿಗೆ ಕೇಳಲಿಲ್ಲ. ನಾವು ಬಾಡಿಗೆ ಕೇಳೋಣ, ಅದು ನ್ಯಾಯವೇ. ಜಾತಿ ಕೇಳದಿದ್ದರೆ ಸಾಕು.