ಹೂವಲ್ಲದ ಹವಳದ ಹೂ

ನವರತ್ನಗಳಲ್ಲಿ ಒಂದಾದ ಹವಳ ಕಲ್ಲೋ, ಗಿಡವೋ? ಯೂರೋಪಿನ ಪಂಡಿತರಿಗೆ ಬಹುಕಾಲ ಇದು ಬಗೆಹರಿಯದ ಪ್ರಶ್ನೆ. 1706ರಲ್ಲಿ ಇಟಲಿಯ ಮಾರ್ಸಿಲಿ, ಸಮುದ್ರದ ನೀರಿನಲ್ಲಿಟ್ಟ ಕೆಂಪು ಹವಳದ ಕೊಂಬೆಯಲ್ಲಿ ಎಂಟೆಸಳಿನ ಬಿಳಿ ಹೂಗಳು ಅರಳಿದ್ದನ್ನು ಕಂಡು, ಅದು ಗಿಡವೆಂದೇ ತೀರ್ಮಾನಿಸಿದ.

ಮಾರ್ಸೇಲ್ಸ್‌ನ ವೈದ್ಯ ಪೆಸ್ಸೊನೆಲ್ ಆ 'ಹೂ'ಗಳನ್ನು ಮತ್ತೆ ಪರೀಕ್ಷಿಸಿದ. ಮುಟ್ಟಿದರೆ ಅವು ಮುದುಡುತ್ತಿದ್ದವು. ಎಸಳುಗಳೆಂದರೆ ಪುಟ್ಟ ಪ್ರಾಣಿಗಳ ಬಾಯಿಯ ಸುತ್ತಲಿನ ಕೈಗಳೇ ಎಂದು ಆತ 1720ರ ದಶಕದಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಬರೆದ. ಅಲ್ಲಿನ ರೆಯೋಮೂರ್ ಇದನ್ನು ನಂಬಲಿಲ್ಲ. ವಿಷಯ ಮಂಡಿಸುವಾಗ ಪೆಸ್ಸೊನೆಲ್‌ನ ಹೆಸರನ್ನೂ ಎತ್ತಲಿಲ್ಲ.

1740ರ ದಶಕದಲ್ಲಿ, ಗಿಡದಂತೆ ಕಾಣುವ ಸಿಹಿನೀರಿನ ಹೈಡ್ರಾ ಪ್ರಾಣಿಯೆಂದು ಟ್ರೆಂಬ್ಲೆ ತೋರಿಸಿದ ಮೇಲೆ ರೆಯೋಮೂರ್ ತಪ್ಪೊಪ್ಪಿಕೊಂಡ. 1758ರಲ್ಲಿ ಲಿನೇಯಸ್ ಹವಳವನ್ನು ಪ್ರಾಣಿಗಳ ಸಾಲಿಗೆ ಸೇರಿಸಿದ. ಕೆಂಪು ಹವಳದ ಶಾಸ್ತ್ರೀಯ ನಾಮದ ಜೊತೆ ಇಂದಿಗೂ ಬರೆಯುವುದು ಲಿನೇಯಸ್‌ನ ಹೆಸರನ್ನು. ಅದರ ಜೀವವನ್ನು ಕಂಡುಹಿಡಿದವನದನ್ನಲ್ಲ.